ಶೇರಿಂಗ್ ಟೇಬಲಿನ ಮಳೆಗಾಲ

ಮೊನ್ನೆ ಒಂದು ಕೆಲಸಕ್ಕೆಂದು ಠಾಣೆ ಶಹರದಲ್ಲಿ ಕಾರ್ಖಾನೆಗಳಿರುವ ವಾಗ್ಳೆ ಎಸ್ಟೇಟಿಗೆ ಹೋಗಿದ್ದೆ. ಕೆಲಸ ಆಗಲಿಲ್ಲ, ಅದು ಬೇರೆ ಕತೆ. ವಾಪಸು ಬರುವಾಗ ಮಳೆ ಹೊಡೆಯಿತು. ರಸ್ತೆ ಬದಿಯ ಚಹಾದ ಗಾಡಿಯ ತಗಡಿನ ಕೆಳಗೆ ಹೋಗಿ ನಿಂತೆ. ಜನರ ಕಾಲು ಜಾರದಿರಲಿ ಎಂದು ಗಾಡಿಯವನು ನೆಲಕ್ಕೆ ಗೋಣಿಚೀಲ ಹಾಸಿದ್ದ. ಒದ್ದೆ ಗೋಣಿಯ ವಾಸನೆಯೂ ಶುಂಠಿ ಹಾಕಿ ಕುದಿಸಿದ ಚಹಾದ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದದ್ದೇ ನನ್ನ ಕಣ್ಣು ತುಂಬಿತು. ಸ್ಟವ್ವಿನ ಹೊಗೆಗೆ ಅಂದುಕೊಂಡನೋ ಏನೋ, ಗಾಡಿಯವನು ಸ್ಟೂಲನ್ನು ಈಚೆ ತಳ್ಳಿ "ಬೈಠೋ ಮಾಸಿ" ಅಂದ. ಎದುರಿನ ತಗಡಿನ ಬೇಲಿಯ ಆಚೆ, ಈಗ ಹೊಂಡ ತೋಡಿ ಮಳೆನೀರು ನಿಂತಿರುವ ಜಾಗದಲ್ಲಿ, ನಮ್ಮ ಹೋಟೆಲ್ ಇತ್ತು ಎಂದು ಅವನಿಗೆ ಹೇಗೆ ಗೊತ್ತಾಗಬೇಕು.

ದೊಡ್ಡ ಹೋಟೆಲೇನೂ ಅಲ್ಲ. ಗೋಡೆಗೆ ತಾಗಿಸಿ ಎರಡು ಸಾಲು ಟೇಬಲು, ನಡುವೆ ಒಬ್ಬ ವೇಟರ್ ಅಡ್ಡ ತಿರುಗಿದರೆ ಇನ್ನೊಬ್ಬ ನಿಲ್ಲಬೇಕಾದಷ್ಟು ದಾರಿ. ಅಡುಗೆಮನೆ ನನ್ನ ಗಂಡನದು, ಗಲ್ಲಾ ನನ್ನದು. ನಾವು ಉಡುಪಿ ಕಡೆಯವರು. ಮನೆ ಡೊಂಬಿವಲಿ ಪೂರ್ವದಲ್ಲಿ. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಕನ್ನಡ, ಹಿಂದಿ, ಮರಾಠಿ ಎಲ್ಲ ಕಲಸಿದ್ದು. ಇಲ್ಲಿ ಮಾತ್ರ ಆದಷ್ಟೂ ಕನ್ನಡದಲ್ಲೇ ಬರೆಯುತ್ತೇನೆ.

ಮಧ್ಯಾಹ್ನದ ರಶ್ಶಿನಲ್ಲಿ ನಮ್ಮಲ್ಲಿ ಯಾರಿಗೂ ಪ್ರತ್ಯೇಕ ಟೇಬಲ್ ಸಿಗುತ್ತಿರಲಿಲ್ಲ. ಕಾರ್ಖಾನೆಯ ಮ್ಯಾನೇಜರನ ಎದುರಿಗೆ ಅವನ ಕೈಕೆಳಗಿನ ಫಿಟ್ಟರನೇ ಕೂತು ಇಡ್ಲಿ ಮುರಿಯುತ್ತಿದ್ದ. ಇದಕ್ಕೆ ಇಲ್ಲಿನ ಹೋಟೆಲುಗಳಲ್ಲಿ ಶೇರಿಂಗ್ ಅನ್ನುತ್ತಾರೆ. ಖಾಲಿ ಕುರ್ಚಿ ಕಂಡರೆ "ಇಲ್ಲಿ ಯಾರಾದರೂ ಇದ್ದಾರಾ" ಎಂದು ಕೇಳಬೇಕು, ಕೂತವನು ತನ್ನ ನೀರಿನ ಲೋಟವನ್ನು ಒಂದಿಷ್ಟು ಈಚೆ ಎಳೆದುಕೊಳ್ಳಬೇಕು. ಹೆಸರು ಬೇಡ, ಊರು ಬೇಡ. ನಾನಂತೂ ಇದನ್ನು ಒಂದು ಪದ್ಧತಿ ಎಂದು ಯಾವತ್ತೂ ಯೋಚಿಸಿದವಳಲ್ಲ. ಟೇಬಲ್ ಕಡಿಮೆ, ಜನ ಹೆಚ್ಚು, ಅಷ್ಟೇ.

ನಮ್ಮ ಯಜಮಾನರದ್ದು ಒಂದು ಸ್ವಭಾವ. ಗಿರಾಕಿ ಏನು ಕೇಳಿದರೂ "ಆಯ್ತು" ಅನ್ನುವುದು. ಯಾರೋ ಒಬ್ಬ ಪುಣ್ಯಾತ್ಮ ಹೆಂಡತಿಯ ಜೊತೆ ಬಂದು, ಹೆಂಗಸರು ಹೀಗೆ ಎಲ್ಲರ ನಡುವೆ ಕೂರುವುದು ಹೇಗೆ ಅಂದ. ಮಾರನೆಯ ವಾರವೇ ಇವರು ಮೂಲೆಯ ಎರಡು ಟೇಬಲಿಗೆ ಪ್ಲೈವುಡ್ಡಿನ ಅಡ್ಡಗೋಡೆ ಹಾಕಿಸಿ ‘ಫ್ಯಾಮಿಲಿ ರೂಮ್’ ಎಂದು ಬೋರ್ಡು ಹೊಡೆಸಿದರು. ಆ ಪುಣ್ಯಾತ್ಮ ಮತ್ತೆ ಬರಲಿಲ್ಲ. ಬಂದ ಹೆಂಗಸರೂ ಒಳಗೆ ಒಮ್ಮೆ ಇಣುಕಿ, ಫ್ಯಾನಿನ ಗಾಳಿ ಬರುವುದಿಲ್ಲ ಎಂದು ಹೊರಗೇ ಕೂರುತ್ತಿದ್ದರು. ಕೊನೆಗೆ ಅಲ್ಲಿ ಈರುಳ್ಳಿ ಚೀಲಗಳು ಸಂಸಾರ ಹೂಡಿದವು.

ಆ ಈರುಳ್ಳಿಯ ನಡುವೆ ನನ್ನ ಮಗಳು ಪ್ರಜ್ಞಾ ತನ್ನ ಆಫೀಸು ಮಾಡಿಕೊಂಡಿದ್ದಳು. ಅವಳದ್ದು ವಿಡಿಯೋ ಗೇಮಿನ ಸುದ್ದಿಯ ವೆಬ್‌ಸೈಟು. ಯಾವ ಆಟ ಯಾವಾಗ ಬರುತ್ತದೆ, ಯಾವುದು ಚೆನ್ನಾಗಿದೆ, ಯಾವುದು ಬರೀ ದುಡ್ಡು ಕೀಳಲಿಕ್ಕೆ ಮಾಡಿದ್ದು, ಇಂಥದ್ದೆಲ್ಲ ಬರೆಯುತ್ತಿದ್ದಳು. ಅದರ ಕೆಳಗೆ ಓದುಗರು ಕೂತು ಹರಟುವ ಒಂದು ಕಟ್ಟೆ. ಅವಳು ಅದನ್ನು ಕಮ್ಯುನಿಟಿ ಅನ್ನುತ್ತಿದ್ದಳು. ಕಾಲೇಜು ಮುಗಿಸಿದ ಹುಡುಗಿ ಇಷ್ಟು ವರ್ಷ ಆಟದ ಸುದ್ದಿ ಬರೆಯುತ್ತಾಳೆ ಎಂದು ನೆಂಟರಿಗೆ ಹೇಳಲು ನನಗೆ ಮೊದಮೊದಲು ನಾಲಿಗೆ ಬರುತ್ತಿರಲಿಲ್ಲ. "ಕಂಪ್ಯೂಟರಿನಲ್ಲಿ ಏನೋ ಮಾಡ್ತಾಳೆ" ಅಂದು ಮಾತು ತೇಲಿಸುತ್ತಿದ್ದೆ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅವಳ ಸೈಟಿಗೆ ಬರುವವರು ಕಡಿಮೆಯಾಗಿದ್ದರು. ಜಾಹೀರಾತಿನವರೂ ಹಿಂದೆ ಸರಿಯುತ್ತಿದ್ದರು. ನನ್ನ ತಮ್ಮ ರಬಾಳೆಯ ಒಂದು ಪ್ಯಾಕಿಂಗ್ ಕಂಪನಿಯಲ್ಲಿದ್ದಾನೆ. ಅಲ್ಲಿ ಆಫೀಸಿನ ಕೆಲಸ ಖಾಲಿ ಇದೆ ಎಂದು ಅವನು ಫೋನು ಮಾಡಿದ. ಅಪ್ಪ ಮಗಳ ನಡುವೆ ಮಾತಾಯಿತು. ಚೌತಿಯವರೆಗೆ ನೋಡುವುದು, ಅಷ್ಟರಲ್ಲಿ ಸೈಟು ಎದ್ದು ನಿಲ್ಲದಿದ್ದರೆ ಮುಚ್ಚಿ ರಬಾಳೆಗೆ ಹೋಗುವುದು. ಪ್ರಜ್ಞಾ "ಠೀಕ್ ಹೈ ಪಪ್ಪಾ" ಅಂದಳು. ಅವಳು ಅಷ್ಟು ಸುಲಭದಲ್ಲಿ ಯಾವುದಕ್ಕೂ ಒಪ್ಪಿದ್ದನ್ನು ನಾನು ನೋಡಿರಲಿಲ್ಲ, ನನಗೆ ಅದೇ ಸಂಕಟವಾಯಿತು.

ಅವಳು ಮಾಡಿದ ಮೊದಲ ಕೆಲಸ ಓದುಗರನ್ನೇ ಕೇಳಿದ್ದು. ನಮ್ಮ ಸೈಟಿನಲ್ಲಿ ಏನು ಸರಿಯಿಲ್ಲ, ಬಿಚ್ಚಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆದಳು. ಅಬ್ಬ, ಜನರ ಬಾಯಿಯೇ. ಇಷ್ಟು ದಿನ ಎಲ್ಲಿ ಅಡಗಿದ್ದರೋ, ಒಬ್ಬರ ಹಿಂದೆ ಒಬ್ಬರು ಬಂದು ಬೈದರು. ಮಧ್ಯಾಹ್ನದ ರಶ್ಶು ಇಳಿದ ಮೇಲೆ ಅವಳು ಗಲ್ಲಾದ ಪಕ್ಕ ಬಂದು ಕೂತು, "ಅಮ್ಮ, ಯೇ ಸುನೋ" ಎಂದು ಓದಿ ಹೇಳುತ್ತಿದ್ದಳು. ಅಕ್ಷರ ಸಣ್ಣದು. ಸುದ್ದಿ ತಡ. ಜಾಹೀರಾತು ಮುಖದ ಮೇಲೆ ಹಾರುತ್ತದೆ. ಆಟದ ಕೊನೆಯನ್ನು ತಲೆಬರಹದಲ್ಲೇ ಹೇಳಿ ಮಜಾ ಕೆಡಿಸುತ್ತೀರಿ. ಅರ್ಧ ಆಡಿ ಪೂರ್ತಿ ಆಡಿದವರ ಹಾಗೆ ಬರೆಯುತ್ತೀರಿ.

ಇವರಲ್ಲಿ ಇಬ್ಬರ ಹೆಸರು ನನಗೂ ಬಾಯಿಪಾಠವಾಗಿತ್ತು. ಅಲ್ಲಿ ಯಾರೂ ಸ್ವಂತ ಹೆಸರಿನಲ್ಲಿ ಬರೆಯುವುದಿಲ್ಲ. ಒಬ್ಬ ‘ಕಡಕ್ ಚಾಯ್’, ಇನ್ನೊಬ್ಬ ‘ತುರ್ಭೆ ಟೈಗರ್’. ಕಡಕ್ ಚಾಯ್‌ಗೆ ಮನೆಯಲ್ಲಿ ಟಿವಿಗೆ ಮಿಷನ್ ಜೋಡಿಸಿ ಆಡುವುದೇ ಆಟ, ಮೊಬೈಲಿನಲ್ಲಿ ಆಡುವವರೆಲ್ಲ ಸೊಳ್ಳೆ ಹೊಡೆಯುವವರು. ಟೈಗರನ ಲೆಕ್ಕದಲ್ಲಿ ಟಿವಿಯವರೆಲ್ಲ ಸೋಫಾ ಸವೆಸುವ ಶ್ರೀಮಂತರು. ಎರಡು ವರ್ಷದಿಂದ ಇಬ್ಬರದ್ದೂ ಹಾವು ಮುಂಗುಸಿ. ಅದರಲ್ಲೂ ಆ ಕಡಕ್ ಚಾಯ್ ಮಗಳು ಬರೆದ ಒಂದೊಂದು ಸಾಲಿಗೂ ತಪ್ಪು ತೆಗೆಯುತ್ತಿದ್ದ. ಒಂದು ದಿನ ಅವನು ಕೈಗೆ ಸಿಕ್ಕರೆ ಹೆಸರಿಗೆ ತಕ್ಕ ಹಾಗೆ ಬಿಸಿ ಚಹಾ ತಲೆಯ ಮೇಲೆ ಹೊಯ್ಯುತ್ತೇನೆ ಎಂದು ನಾನು ಹೇಳಿದ್ದೂ ಉಂಟು.

ಈ ಇಬ್ಬರೂ, ಇವರ ಹಿಂದೆ ಇದ್ದವರೂ ಕೇಳಿದ್ದು ಒಂದೇ. ಅವರನ್ನು ನಮ್ಮಿಂದ ಬೇರೆ ಕೂರಿಸಿ. ಪ್ರಜ್ಞಾ ಗೊಂದಲಕ್ಕೆ ಬಿದ್ದಳು. ಬಾಳೆಕಾಯಿ ಹೆಚ್ಚುತ್ತಿದ್ದ ಅಪ್ಪನನ್ನು ಕೇಳಿದಳು.

"ಕೇಳಿದ್ದನ್ನು ಕೊಟ್ಟುಬಿಡು ಮಗಳೇ," ಅಂದರು ಇವರು. "ಗಿರಾಕಿ ಹತ್ರ ಎಂತ ಚರ್ಚೆ? ನಾನು ಫ್ಯಾಮಿಲಿ ರೂಮ್ ಮಾಡ್ಲಿಲ್ವಾ?"

"ಅದರಲ್ಲಿ ಈರುಳ್ಳಿ ಇದೆಯಲ್ಲ ಪಪ್ಪಾ."

"ಈರುಳ್ಳಿ ಬೇರೆ ವಿಷಯ," ಎಂದು ಇವರು ಮತ್ತೆ ಚಾಕು ಎತ್ತಿಕೊಂಡರು.

ನಾನೂ ಆಗ ಇವರ ಮಾತೇ ಸರಿ ಅಂದುಕೊಂಡಿದ್ದೆ. ಹೋಟೆಲಿನವರಿಗೆ ಬೇರೆ ಏನು ಗೊತ್ತು. ಮಗಳು ಅಕ್ಷರ ದೊಡ್ಡದು ಮಾಡಿದಳು, ಜಾಹೀರಾತು ಕಡಿಮೆ ಮಾಡಿದಳು, ತಲೆಬರಹ ತಿದ್ದಿದಳು. ಅದೆಲ್ಲ ಒಳ್ಳೆಯದೇ ಆಯಿತು. ಜೊತೆಗೆ ಕಟ್ಟೆಯನ್ನು ಒಡೆದು ಕೋಣೆ ಕೋಣೆ ಮಾಡಿದಳು. ಮೊಬೈಲಿನವರಿಗೊಂದು, ಟಿವಿಯವರಿಗೊಂದು, ಕಂಪ್ಯೂಟರಿನವರಿಗೊಂದು, ಅದರೊಳಗೂ ಒಂದೊಂದು ಆಟಕ್ಕೆ ಒಂದೊಂದು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವ ಹಾಗೇ ಇಲ್ಲ. ಮೊದಲ ವಾರ ಎಲ್ಲರೂ ಥ್ಯಾಂಕ್ಸ್ ಹೇಳಿದರು. ಆಷಾಢದ ಮಳೆ ಜೋರಾಗುವ ಹೊತ್ತಿಗೆ ಕೋಣೆಗಳು ತಣ್ಣಗಾದವು. ಜಗಳ ನಿಂತಿತ್ತು, ನಿಜ. ಜಗಳ ಇಲ್ಲದೆ ಬಂದು ಮಾಡುವುದೇನು ಎಂದು ಜನ ಬರುವುದನ್ನೂ ನಿಲ್ಲಿಸಿದ್ದರು.

"ಕಡಕ್ ಚಾಯ್ ಕೂಡ ಬರ್ತಾ ಇಲ್ಲ ಅಮ್ಮ," ಅಂದಳು ಒಂದು ದಿನ. ನಾನು "ಪೀಡೆ ತೊಲಗಿತಲ್ಲ" ಅನ್ನಲು ಬಾಯಿ ತೆರೆದವಳು ಅವಳ ಮುಖ ನೋಡಿ ಒಂದು ಚಹಾ ತರಿಸಿ ಅವಳ ಮುಂದಿಟ್ಟೆ. ಅವಳು ಚಿಕ್ಕಂದಿನಿಂದ ಗೊಳ್ಳನೆ ನಗುವ ಹುಡುಗಿ. ಪಕ್ಕದ ವರ್ಕ್‌ಶಾಪಿನವರೂ ಅವಳ ನಗು ಕೇಳಿ ತಿರುಗಿ ನೋಡುತ್ತಿದ್ದರು. ಆ ತಿಂಗಳು ನಾನು ಆ ನಗು ಕೇಳಲೇ ಇಲ್ಲ. ಅಲ್ಲಿಯವರೆಗೆ ಈ ಸೈಟು ಮುಚ್ಚಿದರೆ ಮುಚ್ಚಲಿ ಎಂದೇ ಒಳಗೊಳಗೆ ಇದ್ದವಳು, ಅಂದಿನಿಂದ ಇದು ಉಳಿಯಬೇಕು ದೇವರೇ ಎಂದು ಬೆಳಿಗ್ಗೆ ದೀಪ ಹಚ್ಚುವಾಗ ಕೇಳಿಕೊಳ್ಳತೊಡಗಿದೆ. ದೇವರಿಗೂ ವಿಡಿಯೋ ಗೇಮ್ ಎಂದರೇನು ಎಂದು ಗೊತ್ತಿತ್ತೋ ಇಲ್ಲವೋ.

ಕೊನೆಯ ಪ್ರಯತ್ನ ಎಂದು ಅವಳು ಓದುಗರನ್ನು ಎದುರೆದುರು ಕರೆದಳು. ಒಂದು ಭಾನುವಾರ ಮಧ್ಯಾಹ್ನ ನಮ್ಮ ಹೋಟೆಲಿಗೆ ಬನ್ನಿ, ಚಹಾ ಕುಡಿಯುತ್ತಾ ಸೈಟಿನ ಬಗ್ಗೆ ಮಾತಾಡೋಣ. ಭಾನುವಾರ ಎಸ್ಟೇಟಿನ ಕಾರ್ಖಾನೆಗಳಿಗೆ ರಜೆ, ಹೋಟೆಲ್ ಖಾಲಿ ಇರುತ್ತದೆ ಎಂಬುದು ಅವಳ ಲೆಕ್ಕ. ಇವರು ಗೋಳಿಬಜೆಗೆ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಕಲಸಿಟ್ಟರು. ನಾವಿಬ್ಬರೂ ಎಂದಿನಂತೆ ಬೆಳಿಗ್ಗೆಯೇ ಬಂದೆವು. ಪ್ರಜ್ಞಾ ಮನೆಯಿಂದ ಬೋರ್ಡು, ಹೆಸರು ಬರೆದ ಚೀಟಿಗಳನ್ನೆಲ್ಲ ತೆಗೆದುಕೊಂಡು ಹಿಂದಿನಿಂದ ಬರುವವಳಿದ್ದಳು.

ಹಳಿ ರಿಪೇರಿಗೆಂದು ರೈಲು ಕಡಿಮೆ ಮಾಡುವ ಭಾನುವಾರದ ಮೆಗಾ ಬ್ಲಾಕು, ಅದರ ಮೇಲೆ ಮಳೆ. ಅವಳ ಗಾಡಿ ಮುಂಬ್ರಾದಲ್ಲಿ ನಿಂತಿತು. ಅಲ್ಲಿಂದ ಫೋನು ಮಾಡಿದಳು.

"ಅಮ್ಮ, ನೆಟ್ ನಹೀ ಚಲ್ ರಹಾ, ಏನೂ ಕಾಣ್ತಾ ಇಲ್ಲ. ಯಾರಾದ್ರೂ ಬಂದ್ರಾ?"

ನಾನು ಕತ್ತೆತ್ತಿ ನೋಡಿದೆ. ಆಟದ ಹುಡುಗರು ಅಂದರೆ ಕೇಕೆ ಹಾಕುತ್ತಾ ಒಂದು ತಂಡ ಬರುತ್ತದೆ ಎಂದು ನನ್ನ ಎಣಿಕೆ. ಹೋಟೆಲಿನಲ್ಲಿ ಇದ್ದದ್ದು ಟೇಬಲಿಗೊಬ್ಬರಂತೆ ಕೂತ ಕೆಲವರು. ಎಲ್ಲರೂ ಒಂದೊಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ, ಮುಂದಿಟ್ಟುಕೊಂಡು ಫೋನಿನಲ್ಲಿ ಮುಳುಗಿದ್ದರು. ಒಬ್ಬಳು ನನ್ನ ವಯಸ್ಸಿನ ಹೆಂಗಸು, ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದಳು. ಮಳೆಗೆ ಸಿಕ್ಕಿದವರು ಅಂದುಕೊಂಡೆ.

"ಯಾರೂ ಬಂದಿಲ್ಲ ಮಗಾ," ಅಂದೆ.

"ಆಯ್ತು. ಮಾಮನಿಗೆ ಹೇಳ್ಬಿಡು, ನಾನು ರಬಾಳೆಗೆ ಬರ್ತೇನೆ ಅಂತ," ಅಂದಳು. ಅವಳು ಅಷ್ಟು ಶುದ್ಧವಾಗಿ ಕನ್ನಡ ಮಾತಾಡುವುದು ಅಳು ಬಂದಾಗ ಮಾತ್ರ.

ಅಷ್ಟರಲ್ಲಿ ನಮ್ಮ ಹಿಂದಿನ ಗಲ್ಲಿಯ ಪರೀಕ್ಷಾ ಕೇಂದ್ರದಲ್ಲಿ ಯಾವುದೋ ಪರೀಕ್ಷೆ ಬಿಟ್ಟಿತು. ಕೆಲಸಕ್ಕೆ ಪರೀಕ್ಷೆ ಬರೆದ ಹುಡುಗ ಹುಡುಗಿಯರು, ಅವರನ್ನು ಕರೆತಂದ ಅಪ್ಪಂದಿರು, ಎಲ್ಲರೂ ಮಳೆಗೆ ಓಡಿ ನಮ್ಮ ಹೋಟೆಲಿಗೆ ನುಗ್ಗಿದರು. ಮಳೆಗಾಲಕ್ಕೆಂದು ನಾವೂ ಬಾಗಿಲಲ್ಲಿ ಹಾಸಿದ್ದ ಗೋಣಿಚೀಲ ಕೆಸರಿನ ಮುದ್ದೆಯಾಯಿತು. ನಿಲ್ಲಲೂ ಜಾಗ ಇಲ್ಲ, ಇತ್ತ ಈ ಮಹಾನುಭಾವರು ಒಂದು ಕಟಿಂಗಿಗೆ ಒಂದು ಟೇಬಲ್ ಆಳುತ್ತಾ ಕೂತಿದ್ದಾರೆ. ಮೊದಲೇ ಮನಸ್ಸು ಕೆಟ್ಟಿತ್ತು, ನನಗೆ ಪಿತ್ತ ನೆತ್ತಿಗೇರಿತು. ಗಲ್ಲಾದಿಂದ ಎದ್ದು ಬಂದೆ.

"ಏ ಭಾಯಿಸಾಬ್, ಶೇರಿಂಗ್ ಕರೋ. ಏಕ್ ಚಾಯ್ ಪೇ ಪೂರಾ ಟೇಬಲ್ ನಹೀ ಮಿಲೇಗಾ."

ಒಂಟಿ ಕೂತವರನ್ನೆಲ್ಲ ಎಬ್ಬಿಸಿ ನಾಲ್ಕನೇ ಟೇಬಲಿಗೂ ಅದರ ಪಕ್ಕದ್ದಕ್ಕೂ ಒತ್ತಿ ಕೂರಿಸಿದೆ. ಮೊಣಕಾಲಿನ ಹೆಂಗಸು ಗೊಣಗಿದಳು. ಆ ಟೇಬಲಿಗೆ ಹೋಗುವಾಗ ತಿರುಗಿ, ಚಹಾ ಇನ್ನಷ್ಟು ಕಡಕ್ ಇರಬೇಕಿತ್ತು ಎಂದು ಮರಾಠಿಯಲ್ಲಿ ಒಂದು ಮಾತು ಬೇರೆ ಅಂದಳು. ನನಗೆ ಆಗಲೂ ಹೊಳೆಯಲಿಲ್ಲ. ರಶ್ಶಿನಲ್ಲಿ ಹೊಳೆಯುವುದಾದರೂ ಹೇಗೆ.

ಅವಳ ಎದುರಿಗೆ ಒಬ್ಬ ಗಟ್ಟಿ ತೋಳಿನ ಮನುಷ್ಯ ಕೂತಿದ್ದ. ಚಟ್ನಿಯ ಬಟ್ಟಲನ್ನು ಅವಳ ಕಡೆ ತಳ್ಳಿ, ಹೊತ್ತು ಹೋಗಲೆಂದು ಮೊಬೈಲು ತೆಗೆದು ಆಟ ಶುರುಮಾಡಿದ. ಲೋಕಲ್ ಗಾಡಿಯಲ್ಲಿ ಓಡಾಡುವ ನಮಗೆಲ್ಲ ಒಂದು ಕೆಟ್ಟ ಚಾಳಿ ಇದೆ, ಪಕ್ಕದವರ ಫೋನಿನಲ್ಲಿ ಇಣುಕುವುದು. ಈ ಹೆಂಗಸಂತೂ ಎದುರು ಕೂತು ತಲೆಕೆಳಗಾಗಿಯೇ ನೋಡುತ್ತಿದ್ದಳು. ನಾನು ವಡೆಯ ತಟ್ಟೆ ಇಡುತ್ತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

"ಅರೇ ಡಾವೀಕಡೆ ಬಘ್, ಡಾವೀಕಡೆ," ಎಂದು ಎಡಗಡೆಗೆ ಬೆರಳು ತೋರಿಸಿದಳು. ಅವನು ಆಟದ ಬಂದೂಕನ್ನು ಎಡಗಡೆ ತಿರುಗಿಸಿದ. ಅಲ್ಲಿ ಅಡಗಿದ್ದವನು ಸತ್ತ.

"ಆಪ್ ಭೀ ಖೇಲ್ತೇ ಹೋ ಆಂಟಿ?" ಎಂದು ಅವನು ಬೆರಗಾಗಿ ಕೇಳಿದ. ತಾನು ಮೊಬೈಲಿನಲ್ಲಿ ಆಡುವುದಿಲ್ಲ, ಅದು ಸೊಳ್ಳೆ ಹೊಡೆಯುವ ಕೆಲಸ ಅಂದಳು ಅವಳು. ಅವನು ಫೋನು ಕೆಳಗಿಟ್ಟು ಅವಳನ್ನೇ ನೋಡಿದ. ಆಮೇಲೆ ನಿಧಾನವಾಗಿ, "ಕಡಕ್ ಚಾಯ್?" ಅಂದ.

ಅವಳು ಲೋಟ ಕೆಳಗಿಟ್ಟಳು. "ಟೈಗರ್?"

ಪಕ್ಕದ ಟೇಬಲಿನವನು ತಿರುಗಿದ. ಅದರಾಚೆಯವನೂ ತಿರುಗಿದ. ಎಲ್ಲರೂ ಗಂಟೆ ಹೊತ್ತಿನಿಂದ "ನಾನು ಬಂದಿದ್ದೇನೆ, ನೀವೆಲ್ಲಿ" ಎಂದು ತಮ್ಮ ತಮ್ಮ ಕೋಣೆಯಲ್ಲಿ ಬರೆದು ಕಾಯುತ್ತಿದ್ದವರೇ. ಒಬ್ಬರದ್ದು ಇನ್ನೊಬ್ಬರಿಗೆ ಕಾಣುವಂತಿರಲಿಲ್ಲ. ಒಂದೇ ಹೋಟೆಲಿನಲ್ಲಿ ಕೂತು, ಯಾರೂ ಬಂದಿಲ್ಲ ಎಂದು ಎದ್ದು ಹೋಗುವುದರಲ್ಲಿದ್ದರು. ನಾನು ವಡೆಯ ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟೆ. ಎರಡು ವರ್ಷದಿಂದ ಬಿಸಿ ಚಹಾ ಹೊಯ್ಯುತ್ತೇನೆ ಎಂದು ನಾನು ಕಾದಿದ್ದ, ನನ್ನ ಕಲ್ಪನೆಯ ಮೀಸೆ ಗಂಡಸು ಕಲ್ಯಾಣದ ಮೃಣಾಲ್‌ತಾಯಿ, ಮೊಣಕಾಲು ನೋವು ನನಗಿಂತ ಹೆಚ್ಚು.

ಟೈಗರನಿಗೆ ನಾನು "ಅಯ್ಯೋ ನಿನ್ನ" ಅಂದದ್ದು ಕೇಳಿಸಿತು. "ಅಕ್ಕಾರ, ಕನ್ನಡದೋರೇನ್ರಿ ನೀವು?" ಎಂದು ಎದ್ದು ನಿಂತ. ಕಲಬುರ್ಗಿ ಕಡೆಯ ಮಲ್ಲಪ್ಪ, ತುರ್ಭೆ ಮಾರ್ಕೆಟ್ಟಿನಲ್ಲಿ ಲಾರಿಗೆ ಮಾಲು ತುಂಬುವವನು. "ಲೋಡಿಂಗ್ ನಡುವ ಸ್ವಲ್ಪ ಪುರಸೊತ್ತು ಸಿಕ್ತಂದ್ರ ಮೊಬೈಲ್ ಬಿಟ್ರ ಮತ್ತೇನ್ ಆಡಬೇಕ್ರಿ ನಾವು? ಅದನ್ನ ಈ ಬಾಯಿಸಾಹೇಬ್ರಿಗೆ ಸ್ವಲ್ಪ ಹೇಳ್ರಿ." ನಾನು ಮರಾಠಿಯಲ್ಲಿ ಹೇಳಿದೆ. ಮೃಣಾಲ್‌ತಾಯಿ ಕೇಳಿ ಸುಮ್ಮನಾಗಲಿಲ್ಲ, ಹಾಗಿದ್ದರೂ ಅವನು ಬಂದೂಕು ಹಿಡಿಯುವ ರೀತಿ ತಪ್ಪು ಅಂದಳು. ಮತ್ತೆ ಶುರುವಾಯಿತು. ಪರೀಕ್ಷೆಯ ಹುಡುಗರಲ್ಲೂ ಇಬ್ಬರು ಮೂವರು ಬಂದು ಇವರ ಜಗಳಕ್ಕೆ ಸೇರಿಕೊಂಡರು. ನಮ್ಮ ಯಜಮಾನರು ಅಡುಗೆಮನೆಯಿಂದ ಇಣುಕಿ ನೋಡಿ, ಏನೆಂದು ಕೇಳದೆ, ಗೋಳಿಬಜೆ ಬಿಡಲು ಶುರುಮಾಡಿದರು.

ನಾನು ಪ್ರಜ್ಞಾಗೆ ಫೋನು ಮಾಡಿದೆ. "ಬೇಗ ಬಾ ಮಾರಾಯ್ತಿ, ನಿನ್ನ ಕಡಕ್ ಚಾಯ್ ಇಲ್ಲಿ ಎಲ್ಲರಿಗೂ ಬೈತಾ ಉಂಟು." ಅವಳು ನಂಬಲಿಲ್ಲ. ಫೋನನ್ನು ಟೇಬಲಿನ ಕಡೆ ಹಿಡಿದೆ.

ಅವಳು ಮುಂಬ್ರಾದಿಂದ ರಿಕ್ಷಾ ಹಿಡಿದು ಬಂದಳು. ಬಾಗಿಲಲ್ಲಿ ಚೀಲ ಎದೆಗವುಚಿಕೊಂಡು ನಿಂತವಳು ಒಳಗೆ ಬರಲೇ ಇಲ್ಲ. ಎರಡು ಟೇಬಲಿನ ಸುತ್ತ ಒಬ್ಬರ ಹೆಗಲಿಗೆ ಒಬ್ಬರು ತಾಗಿ ಕೂತ ಜನ, ಒಂದೇ ಬಟ್ಟಲಿನ ಚಟ್ನಿ, ಎಲ್ಲರ ಬಾಯಲ್ಲೂ ಅವಳ ಸೈಟು. ಮೃಣಾಲ್‌ತಾಯಿ ಅವಳನ್ನು ನೋಡಿ, ನೀನೇನಾ ಪ್ರಜ್ಞಾ, ಆ ಕೋಣೆಗಳನ್ನು ಯಾಕೆ ಮಾಡಿದೆ, ಅಲ್ಲಿ ನನಗೆ ಜಗಳಕ್ಕೆ ಒಂದು ಜನ ಇಲ್ಲ ಎಂದು ಗದರಿದಳು. ಕೋಣೆ ಕೇಳಿದ್ದು ನೀವೇ ಅಲ್ಲವಾ ತಾಯಿ ಅಂದಳು ಪ್ರಜ್ಞಾ.

"ಕೇಳಿದ್ದನ್ನೆಲ್ಲ ಕೊಡುತ್ತಾರಾ?" ಎಂದಳು ಮೃಣಾಲ್‌ತಾಯಿ ಮರಾಠಿಯಲ್ಲಿ.

ಆಗ ನನ್ನ ಮಗಳು ನಕ್ಕಳು. ಗೊಳ್ಳನೆ. ನಗುತ್ತಾ ನಗುತ್ತಾ ಅತ್ತೂಬಿಟ್ಟಳು. ಅಡುಗೆಮನೆಯಲ್ಲಿ ಜಾಲರಿ ಸೌಟಿನ ಸದ್ದು ನಿಂತಿತು. ಆ ನಗುವಿಗೆ ಕಾದು ಕೂತಿದ್ದವಳು ನಾನೊಬ್ಬಳೇ ಅಲ್ಲ ಎಂದು ನನಗೆ ಆವತ್ತು ಗೊತ್ತಾಯಿತು.

ಮಾರನೆಯ ವಾರ ಅವಳು ಕೋಣೆಗಳನ್ನೆಲ್ಲ ತೆಗೆದುಹಾಕಿದಳು. ಅದರ ಬದಲು ನಮ್ಮ ಹೋಟೆಲಿನಲ್ಲಿ ಕಂಡದ್ದನ್ನೇ ಸೈಟಿನಲ್ಲಿ ಮಾಡಿದಳು. ಬಂದವರನ್ನು ಬಂದ ಹಾಗೆ ನಾಲ್ಕು ನಾಲ್ಕು ಜನರ ಟೇಬಲಿಗೆ ಕೂರಿಸುವುದು. ಯಾವ ಆಟ ಆಡುತ್ತೀರಿ ಎಂದು ಕೇಳುವಂತಿಲ್ಲ, ಖಾಲಿ ಕುರ್ಚಿ ಎಲ್ಲಿದೆಯೋ ಅಲ್ಲಿ. ಬೇರೆ ಟೇಬಲಿನ ಮಾತೂ ಎಲ್ಲರಿಗೂ ಕೇಳಿಸುತ್ತದೆ. ಕೆಲವರು ಬೈದು ಎದ್ದು ಹೋದರು. ಉಳಿದವರು ದಿನಾ ಬರತೊಡಗಿದರು, ತಮ್ಮವರನ್ನೂ ಕರೆತಂದರು.

ಚೌತಿ ಬಂತು. ಸೈಟು ಎದ್ದು ಓಡಿತು ಎಂದರೆ ಸುಳ್ಳಾಗುತ್ತದೆ. ಎದ್ದು ಕೂತಿತ್ತು. ಅದರಲ್ಲೇ ಹೊಟ್ಟೆ ತುಂಬುವ ಹಾಗಿರಲಿಲ್ಲ. ಪ್ರಜ್ಞಾ ತಾನಾಗಿಯೇ ರಬಾಳೆಯಲ್ಲಿ ಅರ್ಧ ದಿನದ ಕೆಲಸಕ್ಕೆ ಒಪ್ಪಿಕೊಂಡಳು, ಉಳಿದ ಅರ್ಧ ದಿನ ಸೈಟಿಗೆ. ಮುಚ್ಚು ಎಂಬ ಮಾತನ್ನು ಇವರು ಎತ್ತಲಿಲ್ಲ. ಹಬ್ಬದ ಮಾರನೆ ದಿನ ನಾನು ಹೋಟೆಲಿಗೆ ಹೋದಾಗ ಇವರು ಸ್ಕ್ರೂಡ್ರೈವರ್ ಹಿಡಿದು ಫ್ಯಾಮಿಲಿ ರೂಮಿನ ಪ್ಲೈವುಡ್ ಬಿಚ್ಚುತ್ತಿದ್ದರು. ಎಂತ ಇದು ಎಂದು ಕೇಳಿದೆ. "ಗಾಳಿ ಬರೋದಿಲ್ಲ ಅಂತ ಎಲ್ಲರೂ ಹೇಳ್ತಾರಲ್ಲ," ಅಂದರು, ನನ್ನ ಮುಖ ನೋಡದೆ. ಮಗಳ ಮೇಜು ಅಂದಿನಿಂದ ಎಲ್ಲರ ನಡುವೆ ಬಂತು.

ಆಮೇಲೆ ಕಟ್ಟಡ, ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು, ಹೋಟೆಲ್ ಹೋಯಿತು. ಹೊಸ ಜಾಗ ಹಿಡಿಯುವ ವಯಸ್ಸು ನಮ್ಮದಲ್ಲ. ಇವರು ಈಗ ಡೊಂಬಿವಲಿಯ ಮನೆಯಲ್ಲಿ ಇಬ್ಬರಿಗೆ ಉಪ್ಪಿಟ್ಟು ಮಾಡಲು ಹೋಗಿ ಇಪ್ಪತ್ತು ಜನಕ್ಕೆ ಮಾಡುತ್ತಾರೆ.

ಮೊನ್ನೆ ಆ ಸ್ಟೂಲಿನ ಮೇಲೆ ಕೂತು, ತಗಡಿನ ಬೇಲಿಯ ಒಂದು ಫೋಟೋ ತೆಗೆದು ಮಗಳ ಸೈಟಿಗೆ ಹಾಕಿದೆ. ನನಗೂ ಅಲ್ಲಿ ಒಂದು ಹೆಸರು ಕೊಟ್ಟಿದ್ದಾಳೆ, ‘ಗಲ್ಲಾ ಅಕ್ಕ’. ನಮ್ಮ ಹೋಟೆಲ್ ಇಲ್ಲಿತ್ತು ಎಂದಷ್ಟೇ ಬರೆದೆ. ಅರೆಕ್ಷಣದಲ್ಲಿ ಕಡಕ್ ಚಾಯ್ ಬಂದಳು, ಅಲ್ಲಿನ ಚಹಾ ಯಾವತ್ತೂ ಕಡಕ್ ಇರಲಿಲ್ಲ ಎಂದು ಬರೆದಳು. ಅವಳ ಹಿಂದೆಯೇ ಟೈಗರ್, "ಅಕ್ಕಾರ, ನಾಲ್ಕನೇ ಟೇಬಲ್ ಈಗ ಎಲ್ಲಿ ಐತ್ರಿ?" ಅಂದ. ನಾನು ಬೇಲಿಯ ಸಂದಿಯಲ್ಲಿ ಕಾಣುವ ನೀರು ತುಂಬಿದ ಹೊಂಡದ ಕಡೆ ನೋಡಿದೆ.

ಅಷ್ಟರಲ್ಲಿ ಯಾರೋ ಹೊಸಬರು ಬಂದರು. ಹೆಸರು ನಾನು ಹಿಂದೆ ನೋಡಿದ್ದಲ್ಲ. ನಮ್ಮ ಟೇಬಲಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು, ಸೈಟು ಅವರನ್ನು ಅಲ್ಲಿಗೇ ಕಳಿಸಿತ್ತು. ಹೋಟೆಲಿನಲ್ಲಿ ಕೇಳುವ ಹಾಗೆಯೇ ಅವರು ಕೇಳಿದರು.

"ಯಹಾಂ ಕೋಯಿ ಬೈಠಾ ಹೈ ಕ್ಯಾ?"

ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ ನಾನು ಬರೆದೆ. "ಇಲ್ಲ, ಬನ್ನಿ. ಕೂತ್ಕೊಳ್ಳಿ."